ಕಾವಲಿಗಿದ್ದ ಪೆನ್ ಡ್ರೈವ್

ನಮ್ಮತ್ತೆ ತೀರಿಕೊಂಡ ಮೇಲೂ ಹತ್ತು ತಿಂಗಳು ನಮ್ಮ ಹೊಲದಲ್ಲಿ ಹಂದಿ ಓಡಿಸಿದರು. ಇದನ್ನು ತವರಿನ ಕಡೆಯವರಿಗೆ ಹೇಳಿದರೆ ನನ್ನನ್ನೇ ಒಂದು ಥರ ನೋಡುತ್ತಾರೆ. ಇಲ್ಲಿ, ತಮಿಳುನಾಡಿನ ಗಡಿಯ ತಾಳವಾಡಿಯವರು ಹಾಗೆ ನೋಡುವುದಿಲ್ಲ. ಜೀರಹಳ್ಳಿ ಕಡೆ ಕಾಡಂಚಿಗೆ ಹೊಲ ಇರುವವರು ಅಟ್ಟಣೆಯ ಮೇಲೆ ಒಂದು ಸ್ಪೀಕರ್ ಬಾಕ್ಸ್ ಇಟ್ಟು, ಅದಕ್ಕೆ ಪೆನ್ ಡ್ರೈವ್ ಸಿಕ್ಕಿಸಿ, ಹೊತ್ತು ಮುಳುಗಿದ ಮೇಲೆ ಸದ್ದು ಬಿಟ್ಟಿರುತ್ತಾರೆ. ಒಬ್ಬರು ನಾಯಿ ಬೊಗಳಿದ್ದನ್ನು ಹಾಕುತ್ತಾರೆ, ಒಬ್ಬರು ಪಟಾಕಿ ಸದ್ದು ಹಾಕುತ್ತಾರೆ. ನಮ್ಮ ಮನೆಯಲ್ಲಿ ಅತ್ತೆಯನ್ನು ಹಾಕಿದ್ದೆವು.

ಅವರ ಗಂಟಲೇ ಅಂಥದ್ದು. ಹಿತ್ತಲಲ್ಲಿ ನಿಂತು ಕೂಗಿದರೆ ಹಳ್ಳದ ಆಚೆ ಕಳೆ ಕೀಳುತ್ತಿದ್ದವರೂ ತಮ್ಮನ್ನೇ ಕರೆದರೇನೋ ಅಂತ ತಿರುಗಿ ನೋಡುತ್ತಿದ್ದರು. ಮುಸುಕಿನ ಜೋಳ ತೆನೆ ಕಟ್ಟಿತು ಅಂದರೆ ದಿನಾ ಅಟ್ಟಣೆ ಹತ್ತಿ ಕೂಗುವುದು ಅವರದೇ ಕೆಲಸ. ಒಂದು ವರ್ಷ ಮಂಡಿ ನೋವಿಗೆ ಏಣಿ ಹತ್ತಲು ಆಗಲಿಲ್ಲ. "ನಿನ್ ಫೋನ್ ಇಡ್ಕಂಡ್ ನಿಂತ್ಕವ್ವ, ಕೂಗ್ತೀನಿ" ಅಂದರು. ಮೊದಲ ಐದು ನಿಮಿಷ ಹಂದಿಗೆ ಬೈದರು. ಆಮೇಲೆ ಬಿಸಿಯೇರಿತು. ಹಾಲಿನ ಬಿಂದಿಗೆ ಒದ್ದ ಹಸುವಿಗೆ, ಬರುತ್ತೇನೆಂದು ಹೇಳಿ ಕೈಕೊಟ್ಟ ಆಳಿಗೆ, ಸಾರಿಗೆ ಉಪ್ಪು ಸುರಿದ ನನಗೆ, ಎಲ್ಲರಿಗೂ ಬೈದು, ಕೊನೆಗೆ "ಈ ಮುದ್ಕ ಎಲ್ ಓಗಿ ಕೂತವ್ನೋ, ಬಾಯ್ ಬುಟ್ಟು ಒಂದ್ ಮಾತಾಡಕಿಲ್ಲ" ಎಂದು ಮಾವನ ಹತ್ತಿರ ಬಂದು ನಿಲ್ಲಿಸಿದರು. ಒಟ್ಟು ಅರ್ಧ ಗಂಟೆ. ಹಂದಿಗೆ ಯಾವ ಬೈಗುಳವಾದರೇನು ಅಂತ ಒಂದನ್ನೂ ಕತ್ತರಿಸದೆ ಹಾಗೇ ಪೆನ್ ಡ್ರೈವಿಗೆ ಹಾಕಿಸಿದೆವು.

ಪೆನ್ ಡ್ರೈವ್ ಮಾತ್ರ ನನ್ನದು. ಬಿ.ಎಡ್. ಓದುವಾಗ ಕೊಂಡದ್ದು. ಅಂಕಪಟ್ಟಿ, ಸರ್ಟಿಫಿಕೇಟು, ಬಯೋಡೇಟಾ, ಮಕ್ಕಳಿಗೆ ಪಾಠ ಮಾಡಲು ಬರೆದುಕೊಂಡ ಟಿಪ್ಪಣಿ, ಎಲ್ಲ ಅದರಲ್ಲಿತ್ತು. ಮದುವೆಯಾಗಿ ಬರುವಾಗ ಮೂಲಪ್ರತಿಗಳು ತವರಿನ ಟ್ರಂಕಿನಲ್ಲಿ ಉಳಿದವು, ಪೆನ್ ಡ್ರೈವ್ ನನ್ನ ಜೊತೆ ಬಂತು. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ನನ್ನ ಕಾಗದಗಳನ್ನು ತೆಗೆದಿಡಲು ಬೇರೆ ಜಾಗವಿಲ್ಲ. ಹೀಗೆ ಅತ್ತೆಯ ಕೂಗಿನ ಪಕ್ಕದಲ್ಲಿ ನನ್ನ ಬಿ.ಎಡ್. ಕೂಡ ನಾಲ್ಕು ಬೆಳೆ ಅಟ್ಟಣೆಯ ಮೇಲೆ ಕಾವಲು ಕಾಯಿತು. ಮುಂದೆ ಆ ಹಳೇ ಫೋನು ನೀರಿನ ತೊಟ್ಟಿಗೆ ಬಿದ್ದು ಸತ್ತಿತು. ಮರುವರ್ಷ ಅತ್ತೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಅವರ ದನಿ ಅಂತ ಈ ಭೂಮಿಯ ಮೇಲೆ ಉಳಿದದ್ದು ಆ ಪೆನ್ ಡ್ರೈವ್ ಒಂದರಲ್ಲೇ.

ಅವರು ಮಾಡುತ್ತಿದ್ದ ಕೆಲಸವೆಲ್ಲ ನನ್ನ ತಲೆಗೆ ಬಂತು. ತಗೋ ಅಂತ ಯಾರೂ ಕೊಡಲಿಲ್ಲ, ಹಸು ಕರೆಯುವ ಹೊತ್ತಿಗೆ ಹಸು ಕೂಗಿತು, ನಾನು ಎದ್ದು ಹೋದೆ. ನನ್ನ ಗಂಡ ಕೋಸು, ಟೊಮೆಟೊ ತುಂಬಿಕೊಂಡು ದಿಂಬಂ ಘಾಟಿ ಇಳಿದು ಹೋಗುವ ಲಾರಿಯ ಡ್ರೈವರು. ವಾರಕ್ಕೆ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು, ಆ ಎರಡು ದಿನವೂ ನಿದ್ದೆ. ಉಳಿದವರು ನಾನು ಮತ್ತು ಮಾವ. ಮಾವ ಮಾತಿನ ಮನುಷ್ಯರಲ್ಲ. ಹಗಲೆಲ್ಲ ಬಾಕ್ಸನ್ನು ಮನೆಯಲ್ಲಿ ಚಾರ್ಜಿಗೆ ಹಾಕಿ, ಸಂಜೆ ಹೊತ್ತುಕೊಂಡು ಹೋಗಿ ಅಟ್ಟಣೆಯ ಮೇಲೆ ಹಚ್ಚಿಟ್ಟು ಬಂದು, ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಹೊಲದ ಕಡೆ ಮುಖ ಮಾಡಿ ಕೂರುತ್ತಿದ್ದರು. ಅರ್ಧ ಗಂಟೆಗೊಮ್ಮೆ ತಮ್ಮನ್ನು ಬೈಯುವ ಜಾಗ ಬಂದಾಗ "ಊಂ" ಅನ್ನುತ್ತಿದ್ದರು. ದಿನಕ್ಕೆ ಅವರು ಆಡುತ್ತಿದ್ದ ಮಾತು ಬಹಳಷ್ಟು ಸಲ ಅಷ್ಟೇ.

ಅಂಥ ಹೊತ್ತಿನಲ್ಲಿ ಬಿ.ಎಡ್. ಗೆಳತಿಯೊಬ್ಬಳು ಫೋನ್ ಮಾಡಿ, ಚಾಮರಾಜನಗರದ ದಾರಿಯಲ್ಲಿ ಒಂದು ಖಾಸಗಿ ಶಾಲೆಗೆ ವಿಜ್ಞಾನದ ಟೀಚರ್ ಬೇಕಂತೆ, ಅರ್ಜಿ ಹಾಕು ಅಂದಳು. ಬೆಳಿಗ್ಗೆಯ ಬಸ್ಸಿಗೆ ಹೋದರೆ ಸಂಜೆಗೆ ವಾಪಸ್ಸು ಬರಬಹುದು. ನಾನು ಮಾವನನ್ನು ಕೇಳಿದೆ. ಅವರು ಬೈದಿದ್ದರೆ ನನಗೂ ಜಗಳ ಬರುತ್ತದೆ, ಆಡಿಬಿಡುತ್ತಿದ್ದೆ. ಅವರು ಬೈಯಲಿಲ್ಲ. "ಒಲ ಮನೆ ಯಾರ್ ನೋಡ್ಕತರವ್ವ?" ಅಂತ ಕೇಳಿದರು, ನಿಜವಾಗಿಯೂ ಉತ್ತರ ಬೇಕೆನ್ನುವ ಹಾಗೆ. ನಾನು ಹಾಲಿನ ಕ್ಯಾನ್ ತೊಳೆಯಲು ಎದ್ದು ಹೋದೆ. ಮತ್ತೆ ಕೇಳಲಿಲ್ಲ. ಆದರೆ ಅರ್ಜಿಯ ಕೊನೆಯ ದಿನ ಯಾವುದು ಅಂತ ಕ್ಯಾಲೆಂಡರಿನಲ್ಲಿ ದಿನಾ ನೋಡುತ್ತಿದ್ದೆ.

ಒಂದು ಬೆಳಿಗ್ಗೆ ಹಲ್ಲುನೋವು ಅಂತ ಹೇಳಿ, ಅರ್ಜಿಗೆ ನನ್ನ ಕಾಗದಗಳನ್ನು ಪ್ರಿಂಟ್ ಹಾಕಿಸಲು ಬಾಕ್ಸಿನಿಂದ ಪೆನ್ ಡ್ರೈವ್ ಕಿತ್ತುಕೊಂಡು ತಾಳವಾಡಿಯ ಬಸ್ಸು ಹತ್ತಿದೆ. ಸಂಜೆಯೊಳಗೆ ವಾಪಸ್ಸು ಸಿಕ್ಕಿಸಿದರೆ ಆಯಿತು ಅಂದುಕೊಂಡಿದ್ದೆ. ಜೆರಾಕ್ಸ್ ಅಂಗಡಿಯಣ್ಣನ ಮನೆಮಾತು ತಮಿಳು, ಗಿರಾಕಿಗೆ ತಕ್ಕ ಹಾಗೆ ಕನ್ನಡ. ಅವರ ಕಂಪ್ಯೂಟರಿಗೆ ದಿನಕ್ಕೆ ನೂರು ಜನರ ಪೆನ್ ಡ್ರೈವ್ ಬಂದು ಹೋಗುತ್ತದೆ. ನನ್ನದನ್ನು ಹಾಕಿದರು, ತೆರೆದರು, ಹುಬ್ಬು ಗಂಟಿಕ್ಕಿದರು. ನನ್ನ ಫೋಲ್ಡರುಗಳ ಜಾಗದಲ್ಲಿ ಅವೇ ಹೆಸರಿನ ಶಾರ್ಟ್‌ಕಟ್ ಚಿತ್ರಗಳಿದ್ದವು, ಒಂದೊಂದರ ಮೂಲೆಯಲ್ಲೂ ಒಂದು ಬಾಗಿದ ಬಾಣ. ಒಂದನ್ನು ಒತ್ತಿದರು. ಏನೂ ತೆರೆಯಲಿಲ್ಲ. ಮತ್ತೊಂದನ್ನು ಒತ್ತಿದರು. ಇನ್ನೆರಡು ಬಾಣ ಹುಟ್ಟಿದವು.

"ವೈರಸ್ ಅಕ್ಕಾ. ಎಲ್ಲಾಂ ಪೋಚ್ಚು" ಅಂದರು. ಎಲ್ಲ ಹೋಯಿತು. "ಫಾರ್ಮ್ಯಾಟ್ ಮಾಡಿ ಕೊಡ್ಲಾ? ಹೊಸದರ ಹಾಗೆ ಆಗುತ್ತೆ."

ಹೊಸದನ್ನು ಕಟ್ಟಿಕೊಂಡು ನಾನೇನು ಮಾಡಲಿ! ಅವರ ಕೈ ಮೌಸಿನ ಮೇಲಿರುವಾಗಲೇ ಪೆನ್ ಡ್ರೈವನ್ನು ಕಿತ್ತುಕೊಂಡೆ. ಹಾಗೆ ಕೀಳಬಾರದು ಅಂತ ಅವರು ಬೇಜಾರು ಮಾಡಿಕೊಂಡರು. "ಇನ್ನು ಇದನ್ನ ಎಲ್ಲಿಗೂ ಹಾಕ್ಬೇಡಿ, ಅದಕ್ಕೂ ಹತ್ತಿಕೊಳ್ಳುತ್ತೆ" ಅಂತಲೂ ಅಂದರು. ಪೆನ್ ಡ್ರೈವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ವಾಪಸ್ಸು ಬಸ್ಸು ಹತ್ತಿದೆ. ಸತ್ತವರನ್ನು ಎರಡನೇ ಸಲ ಕೊಂದು ಬಂದೆ, ಅದೂ ನನ್ನ ಕೆಲಸಕ್ಕೆ, ಅದೂ ಕದ್ದು. ಇದನ್ನು ಯಾವ ಬಾಯಲ್ಲಿ ಹೇಳುವುದು?

ಸಂಜೆ ಮಾವ ಬಾಕ್ಸನ್ನು ಎತ್ತಿಕೊಂಡು, ಬೋಳಾಗಿದ್ದ ತೂತಿನ ಮೇಲೆ ಬೆರಳಾಡಿಸಿ, ನನ್ನ ಕಡೆ ನೋಡಿದರು.

"ಪೆನ್ ಡ್ರೈವ್ ಚಾರ್ಜ್ ಮುಗಿದಿದೆ ಮಾವ. ಒಳಗೆ ಹಾಕಿದ್ದೀನಿ, ನಾಲ್ಕು ದಿನ ಆಗುತ್ತೆ" ಅಂದೆ.

ಇಷ್ಟು ಕೆಟ್ಟ ಸುಳ್ಳನ್ನು ಬೇರೆ ಯಾವ ಮನೆಯಲ್ಲೂ ಯಾರೂ ನಂಬುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಬಾಕ್ಸಿಗೆ ಚಾರ್ಜ್ ಬೇಕು, ಟಾರ್ಚಿಗೆ ಬೇಕು, ಹೊಲದ ಸೋಲಾರ್ ಬೇಲಿಯ ಬ್ಯಾಟರಿಗೆ ಬೇಕು. "ಅಂಗಾ? ಇದ್ಕೂ ಬೇಕಾಗ್ತದೆ ಬುಡು, ಎಷ್ಟ್ ದಿನದಿಂದ ಕೂಗ್ತಾ ಅವ್ಳೆ" ಅಂದರು. ತಲೆಗೆ ಟವೆಲ್ ಸುತ್ತಿಕೊಂಡು, ಟಾರ್ಚ್ ತೆಗೆದುಕೊಂಡು, ಬಾಕ್ಸಿನ ಬದಲು ತಾವೇ ಹೊಲಕ್ಕೆ ಹೊರಟರು. ಇದನ್ನು ನಾನು ಯೋಚಿಸಿರಲಿಲ್ಲ.

ಎಪ್ಪತ್ತು ದಾಟಿದ ಮನುಷ್ಯ. ಆ ಏಣಿಯ ಎರಡು ಮೆಟ್ಟಿಲು ಅಲ್ಲಾಡುತ್ತವೆ. ಹಂದಿಯ ಮಾತು ಬಿಡಿ, ನಮ್ಮ ಹೊಲದ ಪಕ್ಕದ ಕಂದಕ ಕುಸಿದಿರುವ ಕಡೆ ಆನೆಯೂ ದಾಟುತ್ತದೆ. ನಾನು ಅಡುಗೆಮನೆಯಲ್ಲಿ ರಾಗಿಮುದ್ದೆಗೆ ಎಸರಿಟ್ಟು ಕಿವಿ ಹೊರಗಿಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಅವರ ಕೂಗು ಕೇಳಿತು. ಜನ್ಮದಲ್ಲಿ ದನಿ ಎತ್ತದವರಿಗೆ ಕೂಗಲು ಸ್ವಂತ ಮಾತಿರಲಿಲ್ಲ. ಅತ್ತೆಯ ಮಾತನ್ನೇ ಕೂಗುತ್ತಿದ್ದರು, ಒಂದು ಅಕ್ಷರ ಆಚೀಚೆ ಇಲ್ಲದೆ, ಅದೇ ಸಾಲಿನಲ್ಲಿ. ಹಂದಿಗೆ ಬೈದರು, ಹಸುವಿಗೆ ಬೈದರು, ಉಪ್ಪು ಸುರಿದ ನನಗೆ ಬೈದರು. ಆಮೇಲೆ ಒಡಕು ದನಿಯಲ್ಲಿ, "ಈ ಮುದ್ಕ ಎಲ್ ಓಗಿ ಕೂತವ್ನೋ" ಅಂತ ತಮಗೆ ತಾವೇ ಬೈದುಕೊಂಡರು. ನಾನು ಬಾಗಿಲಿಗೆ ಒರಗಿ ಅತ್ತುಬಿಟ್ಟೆ. ಎಸರು ಉಕ್ಕಿ ಒಲೆ ನಂದಿತು.

ಆಮೇಲಿನ ದಿನಗಳಲ್ಲಿ ನಾನು ಬಲೆಯೊಳಗೆ ಬಿದ್ದ ಕೋಳಿಯ ಹಾಗೆ ಒದ್ದಾಡಿದೆ. ನಾಲ್ಕನೇ ದಿನ ಗೆಳತಿಗೆ ಫೋನ್ ಮಾಡಿದೆ. ನಮ್ಮ ಮನೆಯಲ್ಲಿ ಸಿಗ್ನಲ್ ಇಲ್ಲ, ಬೋರ್‌ವೆಲ್ ದಿಬ್ಬದ ಮೇಲೆ ನಿಂತರೆ ಒಂದು ಗೆರೆ ಬರುತ್ತದೆ. ಅವಳು ಶಾಲೆಯಲ್ಲಿ ಕಂಪ್ಯೂಟರ್ ಪಾಠವನ್ನೂ ಮಾಡುವವಳು, ಕೇಳಿ ನಕ್ಕುಬಿಟ್ಟಳು.

"ಏನೂ ಹೋಗಿಲ್ಲ ಕಣೇ. ಆ ವೈರಸ್ಸು ಯಾವುದನ್ನೂ ಅಳಿಸಲ್ಲ. ನಿನ್ನ ಫೋಲ್ಡರುಗಳಿಗೆ 'ಕಾಣಬೇಡ' ಅಂತ ಒಂದು ಗುರುತು ಹಾಕಿ, ಅವುಗಳ ಹೆಸರಲ್ಲಿ ಸುಳ್ಳು ಚಿತ್ರ ಇಟ್ಟಿರುತ್ತೆ, ಅಷ್ಟೆ. ಕಂಪ್ಯೂಟರ್ ಆ ಗುರುತಿಗೆ ಮರ್ಯಾದೆ ಕೊಟ್ಟು ತೋರಿಸಲ್ಲ. ಗುರುತು ಅಳಿಸಿದರೆ ಎಲ್ಲ ಎದ್ದು ಬರುತ್ತೆ."

ಕಪ್ಪು ಪರದೆ ತೆರೆದು ಟೈಪ್ ಮಾಡಬೇಕಾದ ಒಂದು ಸಾಲನ್ನು ಒಂದೊಂದೇ ಅಕ್ಷರ ಹೇಳಿದಳು: ಎಟ್ರಿಬ್, ಜಾಗ ಬಿಟ್ಟು ಮೈನಸ್ ಎಚ್, ಜಾಗ ಬಿಟ್ಟು ಮೈನಸ್ ಆರ್, ಹೀಗೆ. ಹರಿದ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದುಕೊಂಡೆ. ಯಾರಾದರೂ ಜ್ವರ ಬಿಟ್ಟಿತು ಅಂದಷ್ಟು ಸಮಾಧಾನವಾಯಿತು. ಆದರೆ ಆ ಸಾಲನ್ನು ಬರೆಯಲು ಕಂಪ್ಯೂಟರ್ ಬೇಕು, ಕಂಪ್ಯೂಟರಿಗೆ ತಾಳವಾಡಿಗೆ ಹೋಗಬೇಕು, ತಾಳವಾಡಿಗೆ ಹೋಗಲು ಒಂದು ನೆಪ ಬೇಕು. ಹೆಂಗಸಿಗೆ ಸುಮ್ಮನೆ ಪೇಟೆಗೆ ಹೋಗಿಬರುವುದು ಅಂತ ಇಲ್ಲವಲ್ಲ. ಹಲ್ಲು ಒಂದು ಸಲ ಮುಗಿದಿತ್ತು. ಆರನೇ ದಿನ ರೇಷನ್ ಕಾರ್ಡ್ ಕೆಲಸ ಅಂತ ಹೇಳಿ ಹೊರಟೆ. ಕಾಡಿನ ತಿರುವಿನಲ್ಲಿ ರಸ್ತೆಗೆ ಅಡ್ಡವಾಗಿ ಆನೆ ಹಿಂಡು, ಮರಿ ಬೇರೆ ಇತ್ತು. ಡ್ರೈವರ್ ಎಂಜಿನ್ ಆಫ್ ಮಾಡಿ ಕೂತರು. ಹಿಂದೆ ಮುಂದೆ ಎಲ್ಲೂ ಹೋಗುವ ಹಾಗಿಲ್ಲ. ಎರಡು ಗಂಟೆ ಹೊತ್ತು ಆ ಬಿಸಿ ಬಸ್ಸಿನಲ್ಲಿ ಪೆನ್ ಡ್ರೈವನ್ನು ಮುಷ್ಟಿಯಲ್ಲಿ ಬೆವರಿಸುತ್ತ ಕೂತಿದ್ದೆ. ಆನೆಗಳು ಸೊಪ್ಪು ಮುರಿದು ತಿಂದವು, ಮರಿಗೆ ಮಣ್ಣು ಎರಚಿದವು, ಅವಕ್ಕೇನು ಅವಸರ. ಕೊನೆಗೆ ಬಸ್ಸು ವಾಪಸ್ಸು ತಿರುಗಿತು.

ಎಂಟನೇ ದಿನಕ್ಕೆ ಮಾವನ ಗಂಟಲು ಪೂರ್ತಿ ಕೂತಿತ್ತು. ಜೀರಿಗೆ ಕಷಾಯ ಕೊಟ್ಟರೆ ಕುಡಿದು, ಪಿಸುಮಾತಿನಲ್ಲಿ, "ಇನ್ನೂ ಚಾರ್ಜ್ ಆಗ್ನಿಲ್ವಾ ಮಗ?" ಅಂದರು. ನನ್ನ ಸುಳ್ಳು ದಿನಾ ಸಂಜೆ ಅವರನ್ನು ಏಣಿ ಹತ್ತಿಸುತ್ತಿತ್ತು. ಹೇಳಿಬಿಡಬೇಕು ಅಂತ ದಿನಾ ಬೆಳಿಗ್ಗೆ ಅಂದುಕೊಳ್ಳುತ್ತಿದ್ದೆ. ಒಂಬತ್ತನೇ ದಿನವೂ ಅಂದುಕೊಂಡೆ, ಹೇಳಲಿಲ್ಲ. ನಾನು ಧೈರ್ಯವಂತೆ ಅಂತ ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಕಾಲೇಜಿನಲ್ಲಿ ಧೈರ್ಯ ತೋರಿಸುವುದು ಸುಲಭ.

ಹತ್ತನೇ ದಿನ ಡೇರಿಗೆ ಹಾಲು ಹಾಕಿ, ಖಾಲಿ ಕ್ಯಾನ್ ಹಿಡಿದು ಬರುತ್ತಿದ್ದೆ. ಬಿಸಿಲಿನ್ನೂ ಪೂರ್ತಿ ಇಳಿದಿರಲಿಲ್ಲ. ಹೊಲದ ಕಡೆಯಿಂದ ಅತ್ತೆ ಕೂಗಿದರು.

ನಾನು ದಾರಿಯಲ್ಲೇ ನಿಂತೆ. ಮಾವನ ಒಡಕು ದನಿಯಲ್ಲ, ಅತ್ತೆಯದೇ, ಹಳ್ಳ ದಾಟಿ ಬರುವ ಅದೇ ಗಂಟಲು. ಸೀರೆ ಎತ್ತಿಕಟ್ಟಿ ಮನೆಗೆ ಓಡಿದೆ. ಮಾವ ಜಗಲಿಯಲ್ಲಿ ಕೂತಿದ್ದರು, ಮುಖದಲ್ಲಿ ಹತ್ತು ದಿನದಿಂದ ಇಲ್ಲದ ಕಳೆ.

"ನೀನು ಚಾರ್ಜಿಗೇ ಆಕಿರ್ನಿಲ್ವಲ್ಲವ್ವ" ಅಂದರು ಪಿಸುದನಿಯಲ್ಲಿ. "ಕನ್ನಡಿ ಇಂದೆ ಸುಮ್ನೆ ಬಿದ್ದಿತ್ತು. ನಾನೇ ಫೋನ್ ಚಾರ್ಜರ್ ತೂತ್ಗೆ ಚುಚ್ದೆ. ಕೆಂಪ್ ಲೈಟ್ ಅತ್ಕತು. ಒಂದ್ ಗಂಟೆ ಬುಟ್ಟೆ. ಫುಲ್ ಆಗದೆ ನೋಡು, ಎಂಗ್ ಕೂಗ್ತಾ ಅವ್ಳೆ!"

ಕರೆಂಟಿನ ಚಾರ್ಜರಿಗೆ ಪೆನ್ ಡ್ರೈವ್ ಚುಚ್ಚಿದ್ದಾರೆ! ಅದು ಸುಟ್ಟುಹೋಗದಿದ್ದದ್ದು ನಮ್ಮ ಪುಣ್ಯ. ಬೋರ್‌ವೆಲ್ ದಿಬ್ಬಕ್ಕೆ ಹೋಗಿ ಗೆಳತಿಯನ್ನು ಕೇಳಿದೆ. "ಗುರುತು ನೋಡಿ ಸುಮ್ಮನಾಗುವುದು ಕಂಪ್ಯೂಟರ್ ಮಾತ್ರ. ಅಂಥ ಬಾಕ್ಸಿಗೆ ಆ ಗುರುತು ಓದಲಿಕ್ಕೇ ಬರಲ್ಲ. ಹಾಡು ಸಿಕ್ಕಿದರೆ ಹಾಡುತ್ತೆ" ಅಂದಳು. ಅಂದರೆ ಮೊದಲ ದಿನವೇ ಬಾಕ್ಸಿಗೆ ಹಾಕಿದ್ದರೆ ಅತ್ತೆ ಕೂಗುತ್ತಿದ್ದರು. ಎಲ್ಲಿಗೂ ಹಾಕಬೇಡಿ ಅಂದ ಅಂಗಡಿಯಣ್ಣನ ಮಾತನ್ನು ಬಿ.ಎಡ್. ಓದಿದವಳು ನಂಬಿ, ಮುದುಕನನ್ನು ಒಂಬತ್ತು ಸಂಜೆ ಕೂಗಿಸಿದೆ. ನನ್ನ ಮೇಲೆ ನನಗೇ ಬಂದ ಸಿಟ್ಟನ್ನು ಎಲ್ಲಿಡಬೇಕೋ ತಿಳಿಯಲಿಲ್ಲ.

ಅಲ್ಲಿಗೆ ಎಲ್ಲ ಮುಗಿದುಹೋಗಬಹುದಿತ್ತು. ಅತ್ತೆ ಹೊಲಕ್ಕೆ ಬಂದರು, ಮಾವ ಜಗಲಿಗೆ ಬಂದರು, ನನ್ನ ಸುಳ್ಳು ಕೂಡ ನಿಜವಾಗಿ ಕೂತಿತು. ಯಾರಿಗೂ ಏನೂ ಗೊತ್ತಾಗಲಿಲ್ಲ. ಆದರೆ ಹೊರಗೆ ಬಂದದ್ದು ಅತ್ತೆ ಒಬ್ಬರೇ. ನನ್ನ ಕಾಗದಗಳು ಇನ್ನೂ ಒಳಗೇ ಇದ್ದವು, ಬಾಕ್ಸಿಗೆ ಅವುಗಳಿಂದ ಆಗಬೇಕಾದ್ದು ಏನೂ ಇಲ್ಲ. ಅರ್ಜಿಗೆ ಉಳಿದದ್ದು ಎರಡು ದಿನ. ಪೆನ್ ಡ್ರೈವನ್ನು ಮತ್ತೆ ಕೀಳಬೇಕೆಂದರೆ ಮತ್ತೆ ಚಾರ್ಜ್ ಮುಗಿಯಿತು ಅನ್ನಬೇಕು. ಅವರು ನಂಬುತ್ತಾರೆ, ಟವೆಲ್ ಸುತ್ತಿಕೊಂಡು ಹೊರಡುತ್ತಾರೆ. ನನ್ನಿಂದ ಆಗಲಿಲ್ಲ.

ಮಾರನೇ ಬೆಳಿಗ್ಗೆ ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತ, ಅವರ ಮುಖ ನೋಡದೆ, ಎಲ್ಲ ಹೇಳಿದೆ. ಹಲ್ಲುನೋವು ಸುಳ್ಳು, ಚಾರ್ಜ್ ಸುಳ್ಳು, ರೇಷನ್ ಕಾರ್ಡ್ ಸುಳ್ಳು. ಅರ್ಜಿ ಒಂದೇ ನಿಜ.

ಮಾವ ಹಸುವಿನ ಹಗ್ಗ ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಗಂಟಲಿನಲ್ಲಿ ಉಳಿದಿದ್ದ ಅಷ್ಟಿಷ್ಟು ದನಿಯನ್ನೆಲ್ಲ ಸೇರಿಸಿ, "ಅವ್ಳ ದನಿನ ಕಳ್ದಾಕ್ಬುಟ್ಟು, ನನ್ನ ಅಂಗೇ ಕೂಗಕ್ ಬುಟ್ಟಿದ್ದಾ?" ಅಂದರು.

"ಹೂಂ ಮಾವ."

"ನಂಗೊಂದ್ ಮಾತ್ ಯೋಳಕಾಗ್ನಿಲ್ವಾ ನಿಂಗೆ?"

"ಮೊದಲೇ ಕೇಳಿದ್ನಲ್ಲ ಮಾವ. ಹೊಲ ಮನೆ ಯಾರು ನೋಡ್ಕತರು ಅಂದ್ರಿ."

ಇಷ್ಟು ದಿನ ನುಂಗಿಕೊಂಡಿದ್ದು ಜೋರಾಗಿಯೇ ಬಂತು. ಹಸು ಬೆದರಿ ಪಕ್ಕಕ್ಕೆ ಸರಿಯಿತು. ಮಾವ ಎದ್ದು ಹೋದರು. ತಿಂಡಿಗೆ ಬರಲಿಲ್ಲ. ಮಧ್ಯಾಹ್ನ ಬಿಳಿ ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತರು. ಪೆನ್ ಡ್ರೈವ್ ಅವರ ಮುಷ್ಟಿಯಲ್ಲಿತ್ತು. "ನಡಿ, ಬಸ್ ಬತ್ತದೆ" ಅಂದರು. ದಾರಿಯುದ್ದಕ್ಕೂ ಅದನ್ನು ನನ್ನ ಕೈಗೆ ಕೊಡಲಿಲ್ಲ.

ಅಂಗಡಿಯಲ್ಲಿ ನಾನು ಕ್ಯಾಲೆಂಡರ್ ಹಾಳೆ ತೆಗೆದು, ನಾನೇ ಟೈಪ್ ಮಾಡುತ್ತೇನೆ ಅಂದೆ. ಅಂಗಡಿಯಣ್ಣ ಕುರ್ಚಿ ಬಿಟ್ಟುಕೊಟ್ಟರು. ಕಪ್ಪು ಪರದೆ ಕಂಡು ಮಾವ "ಕರೆಂಟ್ ಓಯ್ತಾ?" ಅಂದರು. ಎರಡು ಸಲ ತಪ್ಪು ಹೊಡೆದೆ, ಮೂರನೇ ಸಲ ಸಾಲು ಸರಿಯಾಯಿತು. ಒತ್ತಿದೆ. ಬೆಳ್ಳಗೆ ಮಿನುಗುತ್ತಿದ್ದ ಗೆರೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಕೆಳಗಿಳಿದು ನಿಂತಿತು. ಅಷ್ಟೇ, ಒಂದು ಸದ್ದಿಲ್ಲ. ಪೆನ್ ಡ್ರೈವನ್ನು ಮತ್ತೆ ತೆರೆದಾಗ ಬಾಣದ ಚಿತ್ರಗಳ ನಡುವೆ ನಿಜವಾದ ಹಳದಿ ಫೋಲ್ಡರುಗಳು ಬಂದು ಕೂತಿದ್ದವು. ಬಾಣದವನ್ನೆಲ್ಲ ಅಳಿಸಿದೆ. ಅತ್ತೆಯ ಕೂಗನ್ನು ಮೊದಲು ಅಂಗಡಿಯ ಒಂದು ಹೊಸ ಪೆನ್ ಡ್ರೈವಿಗೂ ಹಾಕಿಸಿ, ನುಡಿಸಿ ತೋರಿಸಿದೆ. ಮಾವ ಅದನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಜೇಬಿನ ಮೇಲೆ ಕೈ ಇಟ್ಟುಕೊಂಡರು.

ಆಮೇಲೆ ನನ್ನದು ಪ್ರಿಂಟಿಗೆ ಹೋಯಿತು. ಮಾವ ಮೆಷಿನ್ ಪಕ್ಕದಲ್ಲೇ ನಿಂತು, ಮೊದಲ ಹಾಳೆ ಹೊರಗೆ ಬರುತ್ತಲೇ ಎತ್ತಿಕೊಂಡರು. ನನ್ನ ಬಯೋಡೇಟಾ. ಮೂಲೆಯಲ್ಲಿ ಫೋಟೊ ಇತ್ತು: ಕನ್ನಡಕ, ದುಂಡು ಕೆನ್ನೆ, ಫೋಟೊದವನು ಬೇಡ ಅಂದರೂ ಹಲ್ಲು ಬಿಟ್ಟು ನಕ್ಕಿದ್ದ ಹುಡುಗಿ. ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಯಾರವ್ವ ಈ ಮಗ?"

"ನಾನೇ ಮಾವ."

ಅವರು ಕನ್ನಡಕವಿಲ್ಲದ, ಕೆನ್ನೆ ಬತ್ತಿದ ನನ್ನ ಮುಖ ನೋಡಿದರು, ಮತ್ತೆ ಹಾಳೆ ನೋಡಿದರು.

"ಅತ್ ದಿನ ಸುಳ್ ಯೋಳಿದ್ದು ಸಾಕು ಬುಡವ್ವ" ಅಂದರು. "ಯಾರ್ದು, ಯೋಳು."

ತಮಾಷೆ ಮಾಡುತ್ತಿದ್ದಾರೇನೋ ಅಂತ ನೋಡಿದೆ. ಇಲ್ಲ. ಆರು ವರ್ಷ ಒಂದೇ ಸೂರಿನ ಕೆಳಗೆ ನನ್ನ ಕೈಯಲ್ಲಿ ಉಂಡವರು ನಿಜವಾಗಿಯೂ ಕೇಳುತ್ತಿದ್ದರು. ಆ ಹುಡುಗಿ ನಾನೇ ಅನ್ನುವುದಕ್ಕೆ, ಅವರ ಕೈಯಲ್ಲಿದ್ದ ಆ ಹಾಳೆ ಬಿಟ್ಟರೆ, ನನ್ನ ಹತ್ತಿರ ಬೇರೆ ಯಾವ ಸಾಕ್ಷಿಯೂ ಇರಲಿಲ್ಲ.